ಹಲ್ಲಿನ ಕಾಲೇಜಿಗೆ ಹೋಗಿ, ಹಕ್ಕಿನಿಂದ ಹೋಗಿ

(ದಾವಣಗೆರೆಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಸಭೆಯ ವಿಷಯ ಹಲ್ಲು ಎಂದು ಗೊತ್ತಾದಾಗ ಕೆಲವರು ನಕ್ಕರಂತೆ. ಬೋನಸ್ಸು, ತುಟ್ಟಿಭತ್ಯ, ಮಳಿಗೆ ಬಾಡಿಗೆ, ಹಮಾಲಿ ದರ ಎಲ್ಲ ಬಿಟ್ಟು ಹಲ್ಲಿನ ಮೇಲೆ ಭಾಷಣವೆ ಎಂದರಂತೆ. ನಗಲಿ. ನಗುವಾಗ ಯಾರ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂಬುದು ಈ ವೇದಿಕೆಯ ಮೇಲಿನಿಂದ ಬಹಳ ಚೆನ್ನಾಗಿ ಕಾಣುತ್ತದೆ.

ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಗಾದೆ ಕೇಳಲು ಸೊಗಸು. ಆದರೆ ನಮ್ಮ ಕೇರಿಗಳಲ್ಲಿ ನಡೆದಿರುವುದು ಬೇರೆ. ಕಡಲೆಯೂ ಇಲ್ಲ, ಹಲ್ಲೂ ಇಲ್ಲ. ನಲವತ್ತೈದು ದಾಟಿದ ಹಮಾಲರೊಬ್ಬರನ್ನು ನಿಲ್ಲಿಸಿ ಬಾಯಿ ತೆರೆಯಿರಿ ಎಂದರೆ ದವಡೆ ಹಲ್ಲುಗಳ ಜಾಗದಲ್ಲಿ ಬರಿಯ ವಸಡು. ಈ ಊರಿನ ಮಂಡಕ್ಕಿಯನ್ನು ನಾಡಿಗೆಲ್ಲ ಹುರಿದು ಕಳಿಸುವವರು, ತಾವು ಮಾತ್ರ ಅದನ್ನು ನೀರಿನಲ್ಲಿ ನೆನೆಸಿ ನುಂಗುತ್ತಾರೆ. ಇದು ವಯಸ್ಸಿನ ಕಾರಣದಿಂದ ಬಂದದ್ದಲ್ಲ. ವಯಸ್ಸಾದ ಶ್ರೀಮಂತರ ಬಾಯಿಯನ್ನು ನೋಡಿ, ಹಲ್ಲು ಸಾಲಾಗಿ ನಿಂತಿರುತ್ತವೆ. ಹಲ್ಲು ಹೋಗುವುದು ಹುಳುಕಿನಿಂದ, ವಸಡಿನ ರೋಗದಿಂದ. ಎರಡನ್ನೂ ಮೊದಲಲ್ಲೇ ಹಿಡಿದರೆ ನಿಲ್ಲಿಸಬಹುದು. ಮೊದಲಲ್ಲೇ ಹಿಡಿಯಲು ನಮ್ಮವರು ಏಕೆ ಹೋಗುವುದಿಲ್ಲ ಎಂಬುದೇ ಪ್ರಶ್ನೆ.

ಉತ್ತರ ತಮಗೆಲ್ಲ ಗೊತ್ತು. ಹಲ್ಲು ಜುಮ್ ಎಂದ ದಿನ ಲವಂಗ ಕಚ್ಚುತ್ತೇವೆ. ನೋವು ಬಂದ ದಿನ ಔಷಧದ ಅಂಗಡಿಯಲ್ಲಿ ಎರಡು ಗುಳಿಗೆ. ಗುಳಿಗೆಗೆ ನೋವು ಅಡಗುತ್ತದೆ, ಹುಳುಕು ಅಡಗುವುದಿಲ್ಲ. ಅದು ರಾತ್ರಿ ಪಾಳಿಯವರ ಹಾಗೆ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ. ಕೊನೆಗೆ ಒಂದು ರಾತ್ರಿ ಕೆನ್ನೆ ಊದಿ, ನಿದ್ದೆ ಹೋಗಿ, ಮರುದಿನ ಕೂಲಿ ಹೋಗಿ, ಅದರ ಮರುದಿನ ಪೇಟೆಯ ದವಾಖಾನೆಗೆ ಹೋದರೆ ಅಲ್ಲಿ ಎರಡು ಮಾತು ಹೇಳುತ್ತಾರೆ. ಉಳಿಸಬೇಕೋ, ಕೀಳಬೇಕೋ? ಉಳಿಸಲು ರೂಟ್ ಕೆನಾಲ್, ಅದರ ಮೇಲೆ ಕ್ಯಾಪು, ಲೆಕ್ಕ ಸಾವಿರಗಳಲ್ಲಿ. ಕೀಳಲು ಕೆಲವು ನೂರು. ಮನೆಯಲ್ಲಿ ಮಗಳ ಶಾಲೆ ಶುಲ್ಕ ಬಾಕಿ ಇರುವವನು ಯಾವುದನ್ನು ಆರಿಸಿಕೊಂಡಾನು? ಹೀಗೆ ಒಂದೊಂದಾಗಿ ಹಲ್ಲು ಹೋಗುತ್ತವೆ. ಇದನ್ನು ನಾನು ಹಲ್ಲಿನ ಪ್ರಶ್ನೆ ಎಂದು ಕರೆಯುವುದಿಲ್ಲ, ಕೂಲಿಯ ಪ್ರಶ್ನೆ ಎಂದೇ ಕರೆಯುತ್ತೇನೆ.

ಇನ್ನು ಕೆಲವರು ಅಷ್ಟೂ ಖರ್ಚು ಮಾಡಲಾಗದೆ ಬಸ್ ನಿಲ್ದಾಣದ ಬಳಿ, ಸಂತೆ ಮೂಲೆಯಲ್ಲಿ ಹಲ್ಲಿನ ಚಿತ್ರ ಬರೆದ ಹಲಗೆ ಇಟ್ಟುಕೊಂಡು ಕೂರುವವನ ಮುಂದೆ ಕೂರುತ್ತಾರೆ. ಹೋದ ಹಲ್ಲಿನ ಜಾಗಕ್ಕೆ ಅವನು ಅರ್ಧ ಗಂಟೆಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಲಸಿ, ತಂತಿಯಿಂದ ಪಕ್ಕದ ಒಳ್ಳೆಯ ಹಲ್ಲಿಗೆ ಬಿಗಿದು ಅಂಟಿಸಿ ಕಳಿಸುತ್ತಾನೆ. ಮೊದಲ ತಿಂಗಳು ಬಹಳ ಸಂತೋಷ. ಅದರ ಅಡಿಯಲ್ಲಿ ಅನ್ನ ಸೇರಿ ಕೊಳೆತು, ವಸಡು ಕೀವಾಗಿ, ಕಟ್ಟಿದ್ದ ಒಳ್ಳೆಯ ಹಲ್ಲುಗಳೂ ಅಲುಗುತ್ತವೆ. ಒಂದು ಹಲ್ಲು ಕಟ್ಟಿಸಲು ಹೋಗಿ ಮೂರು ಕಳೆದುಕೊಂಡವರಿದ್ದಾರೆ. ನೋಂದಣಿ ಇಲ್ಲದೆ ದಂತವೈದ್ಯ ಮಾಡುವುದು 1948ರ ದಂತವೈದ್ಯರ ಕಾಯಿದೆಯಲ್ಲೇ ಅಪರಾಧವಾಗಿತ್ತು. 2023ರಲ್ಲಿ ಆ ಕಾಯಿದೆಯ ಬದಲಿಗೆ ಹೊಸದೊಂದು ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಕಾಯಿದೆ ಬದಲಾದರೂ ಸಂತೆ ಮೂಲೆಯವನು ಅಲ್ಲೇ ಇದ್ದಾನೆ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ, ಅವನೂ ಹೊಟ್ಟೆಪಾಡಿನವನು. ಅವನ ಮುಂದೆ ಜನ ಕೂರುವಂತೆ ಮಾಡಿರುವ ವ್ಯವಸ್ಥೆಯನ್ನು ಬೈಯಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಈ ಊರಿನಲ್ಲಿ ಒಂದಲ್ಲ, ಎರಡು ದಂತವೈದ್ಯ ಕಾಲೇಜುಗಳಿವೆ. ಬಾಪೂಜಿ ದಂತ ಕಾಲೇಜು 1979ರಿಂದ ಇದೆ. ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅದರ ನಂತರದ್ದು. ದಿನಾ ಅವುಗಳ ಮುಂದೆ ಸೈಕಲ್ಲು ತುಳಿದುಕೊಂಡು ಹೋಗುವ ನಮ್ಮವರಲ್ಲಿ ಎಷ್ಟೋ ಜನ, ಅದು ದುಡ್ಡಿರುವವರ ಮಕ್ಕಳು ಓದುವ ಜಾಗ, ನಮಗೇನು ಕೆಲಸ ಎಂದುಕೊಂಡಿದ್ದಾರೆ. ಓದುವವರು ಯಾರ ಮಕ್ಕಳಾದರೂ ಆಗಿರಲಿ. ಓದಲು ಅವರಿಗೆ ಬೇಕಾದದ್ದು ಪುಸ್ತಕ, ಕುರ್ಚಿ, ಉಪಕರಣ. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ. ನಮ್ಮ ನಿಮ್ಮ ಬಾಯಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಡಿ.ಎಸ್. ಪದವಿಗೆ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲೇ ತರಬೇತಿ. ಮೊದಲ ಎರಡು ವರ್ಷ ಮೇಣದ ಗಟ್ಟಿ ಕೆತ್ತಿ ಹಲ್ಲು ಮಾಡುವುದು, ಗಾರೆಯ ಅಚ್ಚು ಎರೆಯುವುದು, ಕಿತ್ತುಹಾಕಿದ ಹಲ್ಲುಗಳಲ್ಲಿ ಗುಂಡಿ ತೋಡಿ ತುಂಬುವುದು, ಬೊಂಬೆಯ ತಲೆಯ ಮೇಲೆ ಕೈ ಪಳಗಿಸುವುದು. ಆ ಮೇಣದ ಹಲ್ಲುಗಳನ್ನು ನಮ್ಮ ಅಕ್ಕಸಾಲಿಗರು ನೋಡಿದರೆ ಮೆಚ್ಚಿಯಾರು. ಮೂರನೆಯ ವರ್ಷದಿಂದ ಬೊಂಬೆ ಸಾಲದು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿರಬೇಕು, ಇಷ್ಟು ಸೆಟ್ಟು ಕಟ್ಟಿರಬೇಕು ಎಂದು ಲೆಕ್ಕವಿದೆ. ಅದನ್ನು ಪುಸ್ತಕದಲ್ಲಿ ಬರೆದು ಮೇಷ್ಟರ ಸಹಿ ಹಾಕಿಸಿಕೊಳ್ಳಬೇಕು. ಪರೀಕ್ಷೆ ನಡೆಸುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೊನೆಯ ವರ್ಷದ ಪರೀಕ್ಷೆಯ ದಿನ, ಒಂದೂ ಹಲ್ಲಿಲ್ಲದ ಅಜ್ಜನನ್ನೋ ಅಜ್ಜಿಯನ್ನೋ ಕುರ್ಚಿಯ ಮೇಲೆ ಕೂರಿಸಿ ಪರೀಕ್ಷಕರ ಎದುರಿಗೆ ಹಲ್ಲಿನ ಸೆಟ್ಟಿನ ಕೆಲಸ ಮಾಡಿ ತೋರಿಸಬೇಕು. ಅಜ್ಜ ಆ ದಿನ ಬಾರದಿದ್ದರೆ ಹುಡುಗನ ಗತಿ? ಆದ್ದರಿಂದಲೇ ಪರೀಕ್ಷೆಯ ಕಾಲಕ್ಕೆ ವಿದ್ಯಾರ್ಥಿಗಳು ತಾವೇ ಆಟೋ ತಂದು ಅಜ್ಜನನ್ನು ಮನೆಯಿಂದ ಕರೆದೊಯ್ಯುವುದೂ ಉಂಟು.

ಇದನ್ನು ಇಷ್ಟು ಹೇಳಿದ್ದು ಏಕೆಂದರೆ, ಕಾಲೇಜಿನ ಬಾಗಿಲಲ್ಲಿ ಕೈಕಟ್ಟಿ ಬಗ್ಗಿ ನಿಲ್ಲುವ ಕಾರಣ ನಿಮಗಿಲ್ಲ. ರೋಗಿಗಳು ಬಾರದೆ ಯಾವ ದಂತ ಕಾಲೇಜೂ ನಡೆಯದು. ಮಾನ್ಯತೆ ಕೊಡುವಾಗ ರೋಗಿಗಳ ಸಂಖ್ಯೆಯನ್ನೂ ನೋಡುತ್ತಾರೆ. ನೀವು ನಿಮ್ಮ ಹೊತ್ತನ್ನೂ ಸಹನೆಯನ್ನೂ ಕೊಡುತ್ತೀರಿ, ಅವರು ಚಿಕಿತ್ಸೆ ಕೊಡುತ್ತಾರೆ. ಇದು ವಿನಿಮಯ. ವ್ಯಾಪಾರಿ ಮಿತ್ರರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಈ ಕಾಲೇಜುಗಳ ಹುಟ್ಟಿನ ಕತೆಯೂ ಸ್ವಾರಸ್ಯವಾಗಿದೆ. ನಮ್ಮ ದೇಶದ ಮೊದಲ ದಂತ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದವರು ಡಾ. ರಫಿಯುದ್ದೀನ್ ಅಹಮದ್. ಅಮೆರಿಕದ ಅಯೋವಾದಲ್ಲಿ ಓದಿ ಬಂದವರು.  ಅವರು ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಹೆಸರಿನಲ್ಲಿ ಐಸ್‌ಕ್ರೀಮಿನ ಅಂಗಡಿ ಇಟ್ಟು, ಅದರ ಲಾಭದಲ್ಲಿ ಕಾಲೇಜು ನಡೆಸಿದರು! ಒಂದು ಕೈಯಲ್ಲಿ ಸಿಹಿ ತಿನ್ನಿಸಿ ಇನ್ನೊಂದು ಕೈಯಲ್ಲಿ ಹಲ್ಲು ನೋಡಿದರಲ್ಲ ಎಂದು ತಮಾಷೆ ಮಾಡಬಹುದು. ಆದರೆ 1949ರಲ್ಲಿ ಆ ಕಾಲೇಜನ್ನು ಅವರು ಪಶ್ಚಿಮ ಬಂಗಾಳ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು ಎಂಬುದನ್ನು ಕೇಳಿದ ಮೇಲೆ ತಮಾಷೆ ನಿಲ್ಲುತ್ತದೆ. ನಮ್ಮ ಕಡೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. 1965ರಲ್ಲಿ ಮಣಿಪಾಲದಲ್ಲಿ ಖಾಸಗಿಯವರದು ಬಂತು. ಅಲ್ಲಿಂದ ಮುಂದೆ ಸಾಲುಸಾಲಾಗಿ ಬಂದವು. ಈಗ ಈ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಬಹುಪಾಲು ಖಾಸಗಿ. ಇಷ್ಟು ಕಾಲೇಜುಗಳಿದ್ದೂ ನಮ್ಮ ಮಂಡಕ್ಕಿ ಭಟ್ಟಿಯವರು ವಸಡಿನಿಂದ ಅಗಿಯುತ್ತಿದ್ದಾರೆ ಎಂದರೆ ಅದಕ್ಕೆ ಏನು ಹೆಸರಿಡಬೇಕೋ ನೀವೇ ಹೇಳಿ.

ಕಾಲೇಜಿನಲ್ಲಿ ಕೆಲಸ ಹೇಗೆ ನಡೆಯುತ್ತದೆ? ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೋಗಬೇಕು, ಮಧ್ಯಾಹ್ನ ಹೋದರೆ ನಾಳೆ ಬಾ ಎಂದಾರು. ಕಿಟಕಿಯಲ್ಲಿ ಸಣ್ಣ ಮೊತ್ತ ಕೊಟ್ಟು ಚೀಟಿ ಮಾಡಿಸಬೇಕು. ರೇಷನ್ ಕಾರ್ಡು ಜೊತೆಗಿರಲಿ, ಬಿ.ಪಿ.ಎಲ್. ಕಾರ್ಡಿಗೆ ರಿಯಾಯಿತಿ ಇದೆಯೇ ಎಂದು ಕಿಟಕಿಯಲ್ಲೇ ಕೇಳಿ, ಆಮೇಲೆ ಕೇಳಿದರೆ ಪ್ರಯೋಜನವಿಲ್ಲ. ಮೊದಲು ಕಳಿಸುವುದು ಬಾಯಿಯನ್ನೆಲ್ಲ ಪರೀಕ್ಷಿಸುವ ವಿಭಾಗಕ್ಕೆ. ಅಲ್ಲಿ ನೋವಿರುವ ಹಲ್ಲೊಂದನ್ನೇ ಅಲ್ಲ, ನಾಲಿಗೆ, ಕೆನ್ನೆಯ ಒಳಭಾಗ, ವಸಡು ಎಲ್ಲ ನೋಡಿ ಬರೆಯುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ಅಲ್ಲಿಂದ ಕೀಳುವ ವಿಭಾಗ ಬೇರೆ, ತುಂಬುವ ವಿಭಾಗ ಬೇರೆ, ವಸಡಿಗೆ ಬೇರೆ, ಸೆಟ್ಟಿಗೆ ಬೇರೆ, ಮಕ್ಕಳಿಗೆ ಬೇರೆ, ಸೊಟ್ಟ ಹಲ್ಲು ನೇರ ಮಾಡಲು ಬೇರೆ. ಮೊದಲ ದಿನ ಎಲ್ಲ ಅಲೆದಾಟವೇ. ಓದಲು ಬಾರದವರ ಜೊತೆ ಓದು ಬಲ್ಲವರೊಬ್ಬರು ಹೋಗುವುದು ಒಳ್ಳೆಯದು.

ದರದ ಗುಟ್ಟು ಇಷ್ಟು. ವಿದ್ಯಾರ್ಥಿಯ ದುಡಿಮೆಗೆ ನೀವು ಕೊಡಬೇಕಾಗಿಲ್ಲ. ಸಾಮಾನಿಗೆ ಮಾತ್ರ ಕೊಡುತ್ತೀರಿ. ಆದ್ದರಿಂದ ಯಾವ ಕೆಲಸದಲ್ಲಿ ಕೈಕೆಲಸ ಹೆಚ್ಚು, ಸಾಮಾನು ಕಡಿಮೆಯೋ ಅಲ್ಲಿ ಪೇಟೆಗೂ ಕಾಲೇಜಿಗೂ ಅಂತರ ಬಹಳ. ಕೀಳುವುದು, ತೊಳೆಯುವುದು, ಸಿಮೆಂಟು ತುಂಬುವುದು, ರೂಟ್ ಕೆನಾಲ್ ಎಲ್ಲ ಈ ಜಾತಿಯವು. ಲೋಹದ ಅಥವಾ ಪಿಂಗಾಣಿಯ ಕ್ಯಾಪು ಎಂದರೆ ಅದನ್ನು ಮಾಡುವ ಕಾರ್ಖಾನೆಯ ಖರ್ಚು ಸೇರುತ್ತದೆ, ಅಲ್ಲಿ ಅಷ್ಟು ಅಗ್ಗವಿಲ್ಲ. ಒಂದೇ ಕಟ್ಟಡದಲ್ಲಿ ಎರಡು ದರ ಇರುವುದೂ ಉಂಟು: ವಿದ್ಯಾರ್ಥಿ ಮಾಡಿದರೆ ಒಂದು, ಎಂ.ಡಿ.ಎಸ್. ಓದುವವರೋ ಮೇಷ್ಟರೋ ಮಾಡಿದರೆ ಇನ್ನೊಂದು. ಕುರ್ಚಿಯಲ್ಲಿ ಕೂರುವ ಮುಂಚೆ ಪೂರ್ತಿ ಲೆಕ್ಕ ಕೇಳಿ. ಕ್ಯಾಪು ಸೇರಿಸಿ ಎಷ್ಟು, ಎಷ್ಟು ಸಲ ಬರಬೇಕು? ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುವ ನಾವು ಬಿಳಿ ಅಂಗಿ ಕಂಡೊಡನೆ ಮೂಕರಾಗುತ್ತೇವೆ.

ವಿದ್ಯಾರ್ಥಿಗಳ ಕೈಗೆ ಬಾಯಿ ಕೊಡುವುದೇ ಎಂಬ ಭಯ ಇದೆ, ಗೊತ್ತು. ಗಿರಣಿಯವರಿಗೆ ಒಂದು ಮಾತು ಕೇಳುತ್ತೇನೆ. ಹತ್ತಿ ಗಿರಣಿಗಳ ಸಿಳ್ಳೆಗೆ ಈ ಊರು ಏಳುತ್ತಿದ್ದ ಕಾಲದಲ್ಲಿ ಹೊಸಬನನ್ನು ಮಗ್ಗದ ಮುಂದೆ ನಿಲ್ಲಿಸಿದಾಗ ಪಕ್ಕದಲ್ಲಿ ಜಾಬರ್ ನಿಂತಿರುತ್ತಿರಲಿಲ್ಲವೆ? ಇಲ್ಲಿಯೂ ಅದೇ. ಹುಡುಗ ಹುಳುಕು ಕೆರೆದು ನಿಲ್ಲಿಸುತ್ತಾನೆ, ಮೇಷ್ಟರು ಬಂದು ನೋಡುತ್ತಾರೆ. ಅಡಿಯ ಪದರ ಹಾಕಿ ನಿಲ್ಲಿಸುತ್ತಾನೆ, ಮತ್ತೆ ನೋಡುತ್ತಾರೆ. ತುಂಬಿದ ಮೇಲೆ ಮತ್ತೊಮ್ಮೆ. ಪೇಟೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯುವುದು ಇಲ್ಲಿ ಎರಡು ಗಂಟೆ ಹಿಡಿಯುತ್ತದೆ, ಅದರಲ್ಲಿ ಅರ್ಧ ಹೊತ್ತು ಮೇಷ್ಟರಿಗಾಗಿ ಕಾಯುವುದೇ. ನಿಧಾನ ನಿಜ, ಅಜಾಗರೂಕತೆ ಅಲ್ಲ. ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡುವ ಜಾಗದಲ್ಲಿ ತಪ್ಪು ಅಡಗಿಸುವುದು ಕಷ್ಟ; ಪೇಟೆಯಲ್ಲಿ ಯಾರು ಯಾರನ್ನು ನೋಡುತ್ತಾರೆ? ಆದರೂ ನಿಮ್ಮ ಹಕ್ಕು ನಿಮ್ಮದು. ಕೆಲಸ ಮಾಡುವವರು ಎಷ್ಟನೆಯ ವರ್ಷದವರು ಎಂದು ಕೇಳಬಹುದು. ಮೇಷ್ಟರು ನೋಡಿದ ಮೇಲೆ ಕೀಳಿ ಎನ್ನಬಹುದು. ಬೇಡವೆನಿಸಿದರೆ ಎದ್ದು ಬರಬಹುದು. ಉಪಕರಣದ ಪೊಟ್ಟಣವನ್ನು ನಿಮ್ಮ ಎದುರಿಗೇ ಬಿಚ್ಚಿದರೇ, ಕೈಗವುಸು ಹೊಸದೇ ಎಂದು ನೋಡಿ. ಇಲ್ಲದಿದ್ದರೆ ಬಾಯಿ ಮುಚ್ಚಿ. ಅಲ್ಲಿ ಬಾಯಿ ಮುಚ್ಚುವುದೇ ನಮ್ಮ ಮುಷ್ಕರ.

ಒಂದು ತೊಂದರೆಯನ್ನು ಮುಚ್ಚಿಡಲಾರೆ. ವಿದ್ಯಾರ್ಥಿಗಳಿಗೆ ಒಂದೊಂದು ವಿಭಾಗದಲ್ಲಿ ಕೆಲವು ವಾರಗಳ ಸರದಿ. ರೂಟ್ ಕೆನಾಲ್ ಅರ್ಧದಲ್ಲಿದ್ದಾಗ ಸರದಿ ಮುಗಿದರೆ, ಪರೀಕ್ಷೆಯೋ ರಜೆಯೋ ಬಂದರೆ, ನಿಮ್ಮ ಹಲ್ಲು ಅನಾಥ. ತಾತ್ಕಾಲಿಕವಾಗಿ ಮುಚ್ಚಿದ ಸಿಮೆಂಟು ಉದುರಿ ಒಳಗೆ ಮತ್ತೆ ಕೊಳೆಯುತ್ತದೆ. ಆದ್ದರಿಂದ ಮೊದಲ ದಿನವೇ ಕೇಳಿ: ನಿಮ್ಮ ಸರದಿ ಯಾವಾಗ ಮುಗಿಯುತ್ತದೆ, ಮುಗಿದರೆ ನನ್ನನ್ನು ಯಾರಿಗೆ ಒಪ್ಪಿಸುತ್ತೀರಿ? ಚೀಟಿಯಲ್ಲಿ ಬರೆಸಿಕೊಳ್ಳಿ. ನೋವು ಹೋಯಿತೆಂದು ಅರ್ಧಕ್ಕೇ ಬಿಡುವವರು ನಮ್ಮಲ್ಲೂ ಕಡಿಮೆ ಇಲ್ಲ. ನರ ತೆಗೆದ ಮೇಲೆ ನೋವು ಹೋಗುವುದು ಸಹಜ, ಕೆಲಸ ಮುಗಿದಿರುವುದಿಲ್ಲ.

ಹಲ್ಲಿನ ಸೆಟ್ಟಿನ ಬಗ್ಗೆ ವಯಸ್ಸಾದವರು ಗಮನವಿಟ್ಟು ಕೇಳಬೇಕು. ಹಲ್ಲು ಕೀಳಿಸಿದ ಮರುವಾರವೇ ಸೆಟ್ಟು ಕೇಳಬೇಡಿ, ವಸಡು ಮಾಗಲು ಎರಡು ಮೂರು ತಿಂಗಳಾದರೂ ಬೇಕು. ಆಮೇಲೆ ಕನಿಷ್ಠ ಐದು ಭೇಟಿ. ಮೊದಲ ದಿನ ದವಡೆಯ ಅಚ್ಚು, ಎರಡನೆಯ ದಿನ ಇನ್ನೂ ಸೂಕ್ಷ್ಮವಾದ ಅಚ್ಚು. ಮೂರನೆಯ ದಿನ ಮೇಣದ ಕಟ್ಟೆಯನ್ನು ಬಾಯಲ್ಲಿಟ್ಟು ಮೇಲಿನ ದವಡೆ ಕೆಳಗಿನ ದವಡೆ ಎಷ್ಟು ಎತ್ತರದಲ್ಲಿ ಕೂಡಬೇಕೆಂದು ಗೊತ್ತುಮಾಡುತ್ತಾರೆ. ನಾಲ್ಕನೆಯ ದಿನ ಮೇಣದಲ್ಲಿ ಹಲ್ಲು ಜೋಡಿಸಿ, ಹಾಕಿ, ಕನ್ನಡಿ ಕೊಡುತ್ತಾರೆ. ಆ ನಾಲ್ಕನೆಯ ದಿನವೇ ಮುಖ್ಯ. ಹಲ್ಲು ದೊಡ್ಡದಾಯಿತು, ತುಟಿ ಮುಂದೆ ಬಂತು, ಮಾತು ತೊದಲುತ್ತದೆ ಎನಿಸಿದರೆ ಆಗಲೇ ಹೇಳಿ. ಮೇಣವನ್ನು ತಿದ್ದಬಹುದು, ಗಟ್ಟಿಯಾದ ಮೇಲೆ ತಿದ್ದುವುದು ಬಹಳ ಕಷ್ಟ. ಸಂಕೋಚಪಟ್ಟು ಚೆನ್ನಾಗಿದೆ ಎಂದು ಬಂದು, ಆಮೇಲೆ ಸೆಟ್ಟನ್ನು ಗೂಡಿನಲ್ಲಿಟ್ಟು ದೇವರ ಪಟದಂತೆ ನೋಡುವವರನ್ನು ನಾನು ಕಂಡಿದ್ದೇನೆ. ಐದನೆಯ ದಿನ ಸೆಟ್ಟು ಕೊಡುತ್ತಾರೆ. ಮೊದಲ ವಾರ ವಸಡು ಹುಣ್ಣಾದರೆ ಸೆಟ್ಟನ್ನು ಎಸೆಯಬೇಡಿ, ತೆಗೆದುಕೊಂಡು ಹೋಗಿ. ಒತ್ತುವ ಜಾಗವನ್ನು ಉಜ್ಜಿ ಕೊಡುತ್ತಾರೆ. ಬಡ ವೃದ್ಧರಿಗೆ ಉಚಿತವಾಗಿ ಸೆಟ್ಟು ಕಟ್ಟಿಸಿಕೊಡಲು ಸರ್ಕಾರ 2014ರ ಸುಮಾರಿಗೆ ದಂತಭಾಗ್ಯ ಎಂಬ ಯೋಜನೆ ತಂದು, ದಂತ ಕಾಲೇಜುಗಳ ಮೂಲಕವೇ ನಡೆಸಿತು. ಆ ಹೆಸರು ಹೇಳಿ, ನಮ್ಮ ಕಾರ್ಡಿಗೆ ಸಿಗುತ್ತದೆಯೇ ಎಂದು ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಮೂಢನಂಬಿಕೆಗಳ ಮಾತು ಸ್ವಲ್ಪ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಸುಳ್ಳು. ಮೇಲಿನ ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ. ಹಲ್ಲು ತೊಳೆಸಿದರೆ ಸಡಿಲವಾಗುತ್ತದೆ ಎಂಬುದೂ ಸುಳ್ಳೇ. ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟಿಕೊಂಡ ಪಾಚಿ ವಸಡನ್ನೂ ಎಲುಬನ್ನೂ ಕೆಳಗೆ ತಳ್ಳಿರುತ್ತದೆ. ಅದನ್ನು ತೆಗೆದಾಗ, ಇದ್ದ ಸಂದು ಕಾಣುತ್ತದೆ ಅಷ್ಟೆ.

ಕೀಳಿಸಲು ಹೋಗುವವರು ಬರಿಹೊಟ್ಟೆಯಲ್ಲಿ ಹೋಗಬೇಡಿ, ತಲೆ ತಿರುಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಕ್ಕೆ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮೊದಲೇ ಹೇಳಿ. ಗುಳಿಗೆಯ ಚೀಟಿಯನ್ನೇ ತೋರಿಸಿ. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಚ್ಚಿಕೊಂಡಿರಿ. ಆ ದಿನ ಉಗುಳಬಾರದು, ಮುಕ್ಕಳಿಸಬಾರದು, ಬೀಡಿ ಎಳೆಯಬಾರದು. ಎಳೆದರೆ ಗಾಯದ ಮೇಲೆ ಕಟ್ಟಿದ ಹೆಪ್ಪು ಕಿತ್ತುಹೋಗಿ, ಎರಡು ದಿನ ಬಿಟ್ಟು ಬರುವ ನೋವು ಮೊದಲಿನ ಹಲ್ಲುನೋವಿಗಿಂತ ಕೆಟ್ಟದ್ದು. ಗರ್ಭಿಣಿಯಾದ ತಂಗಿಯರು ಎಕ್ಸ್‌ರೇಗೆ ಮುಂಚೆ ಹೇಳಬೇಕು. ಹೆಂಗಸರ ಮಾತು ಬಂದಾಗ ಹೇಳುತ್ತೇನೆ, ನಮ್ಮ ಮನೆಗಳಲ್ಲಿ ಹಲ್ಲು ತೋರಿಸಲು ಕೊನೆಗೆ ಹೋಗುವವರು ಅವರೇ. ಗಂಡನದಾಗಿ, ಮಕ್ಕಳದಾಗಿ, ಅತ್ತೆಯದಾಗಿ, ಉಳಿದರೆ ಅವರದು, ಉಳಿಯುವುದಿಲ್ಲ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆಸಿ.

ಇನ್ನೊಂದು ಎಚ್ಚರ. ಹಲ್ಲಿನ ಬಾವು ಗಂಟಲ ಕಡೆ ಇಳಿದು, ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ, ಉಸಿರು ಕಷ್ಟವಾದರೆ ಅದು ಬೆಳಗಾಗುವವರೆಗೆ ಕಾಯುವ ಕಾಯಿಲೆಯಲ್ಲ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಲ್ಲಿನಿಂದ ಸಾಯುತ್ತಾರೆಯೇ ಎಂದು ಕೇಳುವವರಿದ್ದಾರೆ. ಸಾಯುತ್ತಾರೆ.

ಹಾಗೆಯೇ ಸಾಯಿಸುವ ಇನ್ನೊಂದು ನಮ್ಮ ಜೇಬಿನಲ್ಲೇ ಇದೆ. ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಅಂಗೈಯಲ್ಲಿ ಎರಡೂ ಒಂದಾಗುತ್ತವೆ. ಈ ಅಂಗಡಿಗಳನ್ನು ಇಟ್ಟುಕೊಂಡ ಮಿತ್ರರೂ ಇಲ್ಲಿ ಕೂತಿದ್ದಾರೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ನಿಂತು ಅಡಿಕೆಯ ಮೇಲೆ ಮಾತಾಡುವುದು ಪ್ರಿಯವಲ್ಲ, ಆದರೂ ಹೇಳಬೇಕು: ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು, ಹಸಿವು ಮರೆಯಲು ಹಾಕಿಕೊಳ್ಳುತ್ತೇವೆ ಎನ್ನುವವರಿಗೆ ನಾನು ನೀತಿಬೋಧೆ ಮಾಡುವುದಿಲ್ಲ. ಒಂದು ಪರೀಕ್ಷೆ ಮಾಡಿಕೊಳ್ಳಿ, ಈಗಲೇ, ಕೂತಲ್ಲೇ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ. ತೂರದಿದ್ದರೆ, ಖಾರ ತಿಂದರೆ ಬಾಯೆಲ್ಲ ಉರಿದರೆ, ಕೆನ್ನೆಯ ಒಳಗೆ ನಾರಿನಂತೆ ಬಿಗಿಯಾಗಿದ್ದರೆ, ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ನಾಳೆಯೇ ಕಾಲೇಜಿಗೆ ಹೋಗಬೇಕು. ಈ ರೋಗದಲ್ಲಿ ಮೊದಮೊದಲು ನೋವಿರುವುದಿಲ್ಲ, ಅದೇ ಅದರ ಮೋಸ. ಕಾಲೇಜಿನಲ್ಲಿ ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡುವ ವಿಭಾಗವೇ ಇದೆ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಬರೆದುಕೊಡುತ್ತಾರೆ; 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಅಲ್ಲಿಗೆ ಒದಗುತ್ತದೆ. ಮೊದಲಲ್ಲೇ ಹೋದವನು ಕೆಲಸಕ್ಕೆ ವಾಪಸು ಬರುತ್ತಾನೆ. ತಡಮಾಡಿದವನ ಮನೆಗೆ ನಾವು ಚಂದಾ ಎತ್ತಿಕೊಂಡು ಹೋಗುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ, ಕಾಲೇಜು ಇದೆಯಲ್ಲ, ಸರ್ಕಾರಕ್ಕೆ ಇನ್ನೇನು ಕೆಲಸ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಜಗಳೂರಿನ ಕೂಲಿಯವನು ಹಲ್ಲಿಗಾಗಿ ಐದು ಸಲ ದಾವಣಗೆರೆಗೆ ಬಂದರೆ ಐದು ದಿನದ ಕೂಲಿ, ಐದು ದಿನದ ಬಸ್ ಚಾರ್ಜು. ಅಗ್ಗದ ಚಿಕಿತ್ಸೆ ಅಗ್ಗವಾಗಿ ಉಳಿಯಲಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಕೋಣೆಯಲ್ಲಿ ಕೀಳುವುದಷ್ಟೇ ಅಲ್ಲ, ಉಳಿಸುವ ಸಾಮಾನೂ ಇರಬೇಕು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಿನ ಕಡೆ ಹಲ್ಲಿನ ಕುರ್ಚಿಯೇ ಇಲ್ಲ. ಇತ್ತ ಪ್ರತಿ ವರ್ಷ ಕಾಲೇಜುಗಳಿಂದ ಸಾಲುಗಟ್ಟಿ ಹೊರಬರುವ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಅಲೆಯುತ್ತಾರೆ. ಹಲ್ಲುನೋವು ಒಂದು ಕಡೆ, ಹಲ್ಲಿನ ವೈದ್ಯರು ಇನ್ನೊಂದು ಕಡೆ, ನಡುವೆ ದುಡ್ಡಿನ ಗೋಡೆ.

ಇ.ಎಸ್.ಐ. ಮಾತೂ ಇಲ್ಲಿಯೇ ಬರುತ್ತದೆ. 2019ರ ಜುಲೈಯಿಂದ ಕೆಲಸಗಾರನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯಿಂದ ಮೂರೂಕಾಲು ರೂಪಾಯಿ ಎಂದು ಆ ನಿಧಿಗೆ ಹೋಗುವಂತೆ ಗೊತ್ತುಮಾಡಿದರು. ಕಲಬುರಗಿಯಲ್ಲಿ ಇ.ಎಸ್.ಐ.ನವರದೇ ಒಂದು ದಂತ ಕಾಲೇಜು ಇದೆ. ಕೆಲಸಗಾರರ ಕಾಸಿನಿಂದ ದಂತ ಕಾಲೇಜನ್ನೇ ಕಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಲ್ಲಿಯ ಇ.ಎಸ್.ಐ. ಆಸ್ಪತ್ರೆಯಲ್ಲಿ ನಿಮ್ಮ ಹಲ್ಲಿಗೆ ಏನೇನು ಸಿಗುತ್ತದೆ ಎಂದು ಕಾರ್ಡಿರುವವರು ಹೋಗಿ ಕೇಳಿ. ಆದರೆ ಹಮಾಲಿ, ಮಂಡಕ್ಕಿ ಭಟ್ಟಿ, ಮನೆಗೆಲಸ, ತಳ್ಳುಗಾಡಿ, ಇವರಿಗೆ ಆ ಕಾರ್ಡೇ ಇಲ್ಲ. ನಮ್ಮ ಮುಂದಿನ ಹೋರಾಟ ಅದಕ್ಕೆ. ಅಲ್ಲಿಯವರೆಗೆ ಹಲ್ಲು ಕಾಯುವುದಿಲ್ಲ.

ಕಾಲೇಜಿನವರು ಹಳ್ಳಿಗೆ, ಕೇರಿಗೆ ಬಸ್ಸು ತಂದು ಶಿಬಿರ ಮಾಡುತ್ತಾರೆ. ಬರಲಿ, ಸ್ವಾಗತ. ಆದರೆ ಬಸ್ಸಿನಲ್ಲಿ ಕರೆದೊಯ್ದು, ಕುರ್ಚಿಯ ಮೇಲೆ ಕೂರಿಸಿ, ಎಣಿಕೆ ಮಾಡಿ, ಊಟ ಕೊಟ್ಟು ಕಳಿಸಿದರೆ ಅದು ಶಿಬಿರವಲ್ಲ. ನಿಮ್ಮ ಹೆಸರಿನ ಚೀಟಿ, ಅದರಲ್ಲಿ ಏನು ರೋಗ, ಏನು ಚಿಕಿತ್ಸೆ, ಮುಂದೆ ಯಾವ ದಿನ ಎಂದು ಬರೆದು ಕೈಗೆ ಕೊಡುವವರೆಗೆ ಬಸ್ಸು ಇಳಿಯಬೇಡಿ.

ನಮ್ಮ ಮಟ್ಟಿಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಎರಡನೆಯ ಪಾಳಿಯವರು ಬೆಳಿಗ್ಗೆ ಬಿಡುವಾಗಿರುತ್ತಾರೆ. ಅವರದು ಮೊದಲ ತಂಡ. ಅಂಗಡಿಯವರು ವಾರದ ರಜೆಯ ದಿನ ಹೋಗಲಿ, ಆ ದಿನ ಕಾಲೇಜು ತೆರೆದಿದೆಯೇ ಎಂದು ನಮ್ಮವರು ವಿಚಾರಿಸಿಕೊಂಡು ಬರುತ್ತಾರೆ. ಮೊದಲನೆಯ ಪಾಳಿಯವರಿಗೆ ಕಾಲೇಜಿನಿಂದ ಹಾಜರಿ ಚೀಟಿ ಬರೆಸಿ ಗಿರಣಿಯಲ್ಲಿ ಕೊಡೋಣ. ಆ ದಿನದ ಕೂಲಿ ಹಿಡಿಯಬಾರದು ಎಂದು ಕೇಳುವ ಅರ್ಜಿ ತಯಾರಾಗಿದೆ, ಸಭೆ ಮುಗಿದ ಮೇಲೆ ಸಹಿ ಹಾಕಿ ಹೋಗಿ. ಒಂದು ತಂಡದಲ್ಲಿ ಆರು ಜನ, ಅವರಲ್ಲಿ ಒಬ್ಬರು ಓದುಬರಹ ಬಲ್ಲವರು. ಬಾಯಲ್ಲಿ ಮಾಯದ ಹುಣ್ಣಿರುವವರು, ಬೆರಳು ತೂರದವರು ಮೊದಲು, ನೋವಿರುವವರು ಆಮೇಲೆ, ಸೆಟ್ಟಿನವರು ಕೊನೆಗೆ. ಹೆಸರುಗಳನ್ನು ಶನಿವಾರ ಸಂಜೆಯೊಳಗೆ ಕಚೇರಿಯಲ್ಲಿ ಬರೆಸಬೇಕು. ಮೊದಲ ತಂಡ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕಚೇರಿಯ ಮುಂದೆ ಸೇರುತ್ತದೆ. ರೇಷನ್ ಕಾರ್ಡು, ಹಳೆಯ ಗುಳಿಗೆ ಚೀಟಿ ತನ್ನಿ. ಹೊಟ್ಟೆ ತುಂಬ ತಿಂದು ಬನ್ನಿ.